ಕಿವಿಯಣ್ಣ ಸದ್ದಿಲ್ಲ ಎಂದ ಕಾರ್ಡು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಕಂಪ್ಯೂಟರ್ ಬಿಡಿಭಾಗ ಮಾರುವ ಆ ಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಯಾರನ್ನು ಕೇಳಿದರೂ ಅವನು ಕಿವಿಯಣ್ಣ. ಹದಿನೆಂಟನೇ ವಯಸ್ಸಿಗೆ ಚಿಕ್ಕಪ್ಪನ ಮೋಟರ್ ರಿಪೇರಿ ಶೆಡ್ಡಿಗೆ ಸೇರಿ, ತಂತಿ ಸುತ್ತುವುದು, ಬೇರಿಂಗ್ ಬಡಿದು ಕೂರಿಸುವುದು, ಕಬ್ಬಿಣ ಉಜ್ಜುವುದು ಅಂತ ಇಪ್ಪತ್ತು ವರ್ಷ ಸವೆಸಿದ. ಆ ಶೆಡ್ಡಿನಲ್ಲಿ ಒಂದು ಲೋಟ ನೀರು ಕೇಳಬೇಕಾದರೂ ಕೂಗಬೇಕಿತ್ತು. ಅಂಥ ಗಲಾಟೆಯಲ್ಲೂ, ಹತ್ತು ಮೋಟರುಗಳಲ್ಲಿ ಯಾವುದರ ಬೇರಿಂಗ್ ಸವೆದಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದ. ಚಿಕ್ಕಪ್ಪ ಹೋದ ಮೇಲೆ ಶೆಡ್ಡು ಮುಚ್ಚಿತು, ಇವನು ಆ ಒಂದು ವಿದ್ಯೆಯನ್ನು ನಂಬಿಕೊಂಡು ಈ ಬೀದಿಗೆ ಬಂದ. ಅಲ್ಲಿಂದೀಚೆಗೆ ಹತ್ತೊಂಬತ್ತು ವರ್ಷ ಒಂದೇ ಅಂಗಡಿ, ಒಂದೇ ಸ್ಟೂಲು.

ಅವನ ಪಾಲಿಗೆ ಬಂದದ್ದು ಗ್ರಾಫಿಕ್ಸ್ ಕಾರ್ಡು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾರವನ್ನೆಲ್ಲ ಹೊರುವ ಹಲಗೆ ಅದು. ಭಾರ ಬಿದ್ದರೆ ಕಾಯುತ್ತದೆ, ಕಾದರೆ ತಣಿಸಲು ಮೈಮೇಲಿನ ಫ್ಯಾನುಗಳು ತಿರುಗುತ್ತವೆ, ಫ್ಯಾನು ತಿರುಗಿದರೆ ಸದ್ದು. ಇಷ್ಟೇ ಆಗಿದ್ದರೆ ಯಾವ ಗೋಳೂ ಇರಲಿಲ್ಲ. ಆದರೆ ಈ ಕಂಪನಿಯವರಿಗೆ ಏನು ಬಂದಿದೆಯೋ ಕಾಣೆ, ಒಳಗಿನ ಒಂದೇ ಚಿಪ್‌ಗೆ ಒಂದೇ ಹೆಸರಿಟ್ಟು ಎಂಟು ಥರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಾರೆ. ಒಂದರ ಹೆಸರಿನ ಬಾಲಕ್ಕೆ ಒಂದು ಅಕ್ಷರ, ಇನ್ನೊಂದರ ಬಾಲಕ್ಕೆ ಎರಡು, ಮತ್ತೊಂದಕ್ಕೆ ಪ್ಲಸ್ಸು. ಒಂದಕ್ಕೆ ಎರಡು ಫ್ಯಾನು, ಒಂದಕ್ಕೆ ಮೂರು. ನೋಡಲು ಅವಳಿಜವಳಿಯಂತಿದ್ದರೂ ಒಂದರೊಳಗೆ ಶಾಖ ಹೀರುವ ಕೊಳವೆ ಆರಿರುತ್ತವೆ, ಇನ್ನೊಂದರಲ್ಲಿ ನಾಲ್ಕೇ. ಮೊದಲ ಕಂತಿನಲ್ಲಿ ಗಟ್ಟಿ ಮಾಲು ಕೊಟ್ಟು ಹೆಸರು ಮಾಡಿಕೊಂಡು, ಮುಂದಿನ ಕಂತಿನಲ್ಲಿ ಅದೇ ಪೆಟ್ಟಿಗೆಗೆ ತೆಳ್ಳಗಿನದನ್ನು ತುರುಕುವ ಜಾಣರೂ ಇದ್ದಾರೆ. ಕೊಳ್ಳಲು ಬಂದವರು ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ತಲೆ ಕೆಟ್ಟು ಕಿವಿಯಣ್ಣನ ಮುಖ ನೋಡುತ್ತಿದ್ದರು.

ಆಗ ಶುರುವಾಗುತ್ತಿತ್ತು ಅವನ ಕಾರುಬಾರು. ಮೇಜಿನ ಮೇಲೆ ಪಕ್ಕದ ತಗಡು ಬಿಚ್ಚಿದ ಒಂದು ಕಂಪ್ಯೂಟರು ಸದಾ ಸಿದ್ಧವಿರುತ್ತಿತ್ತು. ಕಾರ್ಡನ್ನು ಅದಕ್ಕೆ ಕೂರಿಸಿ ಕೈ ಮೇಲೆತ್ತಿದನೆಂದರೆ ಅಂಗಡಿಯ ಸೀಲಿಂಗ್ ಫ್ಯಾನು ಆರಬೇಕು, ಶಟರು ಅರ್ಧಕ್ಕೆ ಇಳಿಯಬೇಕು, ಗಿರಾಕಿಗಳು ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಕಾರ್ಡಿಗೆ ಭಾರದ ಕೆಲಸ ಹಚ್ಚಿ, ಕಣ್ಣು ಮುಚ್ಚಿ, ಒಂದು ಗೇಣು ದೂರದಲ್ಲಿ ಕಿವಿ ಇಟ್ಟು ಐದು ನಿಮಿಷ ಕೂರುತ್ತಿದ್ದ. ಅಂಗಡಿ ಯಜಮಾನನೂ ಅಷ್ಟು ಹೊತ್ತು ಫೋನು ಮುಟ್ಟುತ್ತಿರಲಿಲ್ಲ. ಆಮೇಲೆ ಪೆಟ್ಟಿಗೆಯ ಮೂಲೆಗೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದರೆ ಮುಗಿಯಿತು, ಆ ಕಾರ್ಡು ಸದ್ದಿಲ್ಲದ್ದು. ಆ ಗೀಟು ನೋಡಿಯೇ ಕೊಳ್ಳುವವರಿದ್ದರು.

ಫ್ಯಾನಿನ ಸದ್ದನ್ನಾದರೂ ಓದಿ, ನೋಡಿ ಅಂದಾಜು ಮಾಡಬಹುದು. ಅಂದಾಜಿಗೆ ಸಿಗದ್ದು ಇನ್ನೊಂದಿದೆ. ಕಾರ್ಡಿನೊಳಗೆ ಕರೆಂಟು ಹಾಯುವ ಸಣ್ಣ ಸುರುಳಿಗಳಿರುತ್ತವೆ. ಭಾರ ಬಿದ್ದಾಗ ಅವು ನಡುಗಿ ಸಿಳ್ಳೆ ಹಾಕುತ್ತವೆ, ಸೂಜಿಯಷ್ಟು ತೆಳ್ಳಗೆ. ಒಂದೇ ಮಾದರಿಯ, ಒಂದೇ ದಿನ ತಯಾರಾದ ಎರಡು ಕಾರ್ಡುಗಳಲ್ಲಿ ಒಂದು ಸಿಳ್ಳೆ ಹಾಕುತ್ತದೆ, ಇನ್ನೊಂದು ತೆಪ್ಪಗಿರುತ್ತದೆ. ಯಾವ ಪೆಟ್ಟಿಗೆಯ ಮೇಲೂ ಇದನ್ನು ಬರೆದಿರುವುದಿಲ್ಲ. ಕಿವಿಗೊಟ್ಟು ಕೇಳುವುದೊಂದೇ ದಾರಿ.

ಕಿವಿಯಣ್ಣನಿಗೆ ಆ ಸಿಳ್ಳೆ ಕೇಳುವುದು ನಿಂತು ಎರಡು ವರ್ಷವಾಗಿತ್ತು.

ಅದು ಗೊತ್ತಾದದ್ದು ಮನೆಯಲ್ಲಿ, ಮೊಮ್ಮಗಳಿಗೆ ಜ್ವರ ಬಂದ ದಿನ. ಜ್ವರ ನೋಡುವ ಕಡ್ಡಿಯನ್ನು ಮಗುವಿನ ಕಂಕುಳಲ್ಲಿಟ್ಟು ಅದು ಕೂಗಲಿ ಅಂತ ಕಾಯುತ್ತ ಕೂತಿದ್ದ. ಹೆಂಡತಿ ಅಡುಗೆಮನೆಯಿಂದ ಬಂದು, ಅದು ಕೂಗಿ ಎಷ್ಟೊತ್ತಾಯಿತು, ಇನ್ನೂ ಯಾಕೆ ಮಗುವನ್ನು ಹಿಂಸೆ ಮಾಡುತ್ತೀರಿ ಎಂದು ಕಿತ್ತುಕೊಂಡಳು. ಮರುದಿನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಂಪ್ಯೂಟರಿನಲ್ಲಿ ದಪ್ಪಗೆ ಶುರುವಾಗಿ ತೆಳ್ಳಗಾಗುತ್ತ ಮೇಲೇರುವ ಒಂದು ದನಿ ಹಚ್ಚಿದ. ಪರದೆಯ ಮೇಲೆ ಗೆರೆ ಏರುತ್ತಲೇ ಇತ್ತು, ಇವನಿಗೆ ಅರ್ಧ ದಾರಿಯಲ್ಲೇ ಎಲ್ಲ ನಿಶ್ಶಬ್ದ. ಕಂಪ್ಯೂಟರು ಆರಿಸಿದವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಬಿಡುವುದಾದರೂ ಹೇಗೆ ಹೇಳಿ? ಊರೆಲ್ಲ ಕಿವಿಯಣ್ಣ ಎನ್ನುವವನು ನನಗೆ ಕಿವಿ ಇಲ್ಲ ಎನ್ನುವುದೇ? ಅದಕ್ಕೆ ಕಳ್ಳದಾರಿ ಹಿಡಿದ. ಕಾರ್ಡಿನ ಅಂಚಿಗೆ ಬೆರಳ ತುದಿ ತಾಗಿಸಿ ನಡುಕ ನೋಡುವುದು, ಮುಚ್ಚಿದಂತಿದ್ದ ರೆಪ್ಪೆಯ ಸಂದಿಯಿಂದ ಗಿರಾಕಿಗಳ ಮುಖ ನೋಡುವುದು, ಯಾರಾದರೂ ಹುಬ್ಬು ಗಂಟಿಕ್ಕಿದರೆ ಈ ಕಾರ್ಡು ಬೇಡ ಎನ್ನುವುದು. ಮಾಲಿನ ಹುಟ್ಟುಗುಣ ಗೊತ್ತಿದ್ದರಿಂದ ಹತ್ತರಲ್ಲಿ ಒಂಬತ್ತು ಸರಿಹೋಗುತ್ತಿತ್ತು. ಸರಿಹೋದಷ್ಟೂ ಧೈರ್ಯ ಬಂತು. ಅಂಥ ಧೈರ್ಯಕ್ಕೆ ಬೆಂಕಿ ಬೀಳಲಿ ಎಂದು ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಶಪಿಸಿಕೊಂಡನೋ ಲೆಕ್ಕವಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಕ್ಷೆಯಮ್ಮ ಬಂದಳು. ಹಾಗೆ ಹೆಸರಿಟ್ಟವನು ಯಜಮಾನ. ಇನ್ನೂ ಕಟ್ಟದ ಮನೆಗಳನ್ನು, ಕಿಟಕಿಯ ಬೆಳಕು ನೆಲದ ಮೇಲೆ ಬೀಳುವುದೂ ಕಾಣುವಂತೆ, ಕಂಪ್ಯೂಟರಿನಲ್ಲಿ ಬಣ್ಣದಲ್ಲಿ ಚಿತ್ರಿಸಿಕೊಡುವುದು ಆಕೆಯ ಕೆಲಸ. ಹಳೆಯ ಕಾರ್ಡು ಸುಟ್ಟುಹೋಗಿತ್ತು. ಆಕೆಯ ಕೈಯಲ್ಲೊಂದು ಕಾಗದ, ಅದರಲ್ಲಿ ಒಂದರ ಕೆಳಗೊಂದು ಎಂಟು ಹೆಸರು, ಎಲ್ಲವೂ ಒಂದೇ ಥರ, ಬಾಲ ಮಾತ್ರ ಬೇರೆ. ವಾರವೆಲ್ಲ ಓದಿದರೂ ಯಾವುದು ಯಾವುದೆಂದು ಬಗೆಹರಿಯಲಿಲ್ಲ ಎಂದಳು.

ಆಮೇಲೆ ಮನೆಯ ಸಂಗತಿ ಹೇಳಿದಳು. ಗಂಡ ದೂರದೂರಿನ ಬಸ್ಸು ಓಡಿಸುತ್ತಿದ್ದ ಡ್ರೈವರು. ಗಂಟಲಿಗೆ ದೊಡ್ಡ ಆಪರೇಷನ್ ಆಗಿ ದನಿ ಹೋಗಿತ್ತು, ಮಾತಾಡಿದರೆ ಬರೀ ಉಸಿರು. ಮೈಯೂ ಸೋತಿತ್ತು, ಆಸರೆಯಿಲ್ಲದೆ ಎದ್ದು ನಾಲ್ಕು ಹೆಜ್ಜೆ ಇಡಲಾರ. ಇರುವುದು ಒಂದೇ ಕೋಣೆ. ಒಂದು ಗೋಡೆಗೆ ಮಂಚ, ಎದುರು ಗೋಡೆಗೆ ಆಕೆಯ ಮೇಜು. ಕರೆಯಲು ಒಂದು ಗಂಟೆ ತಂದುಕೊಟ್ಟರೆ, ಹೆಂಡತಿಯನ್ನು ಯಾರಾದರೂ ಗಂಟೆ ಬಾರಿಸಿ ಕರೆಯುತ್ತಾರಾ ಎಂದು ಆತ ಅದನ್ನು ಮುಟ್ಟಿಯೂ ನೋಡಿರಲಿಲ್ಲ.

"ಸ್ಪೀಡು ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ ಅಣ್ಣ. ಅವರು ಕರೆದ್ರೆ ನಂಗೆ ಕೇಳಿಸ್ಬೇಕು, ಅಷ್ಟೇ," ಎಂದಳು.

ಕಿವಿಯಣ್ಣ ಆ ಕಾಗದವನ್ನು ಇಸಕೊಂಡ. ಎಂಟರಲ್ಲಿ ಏಳನ್ನು ಹೊಡೆದುಹಾಕಿ, ಮೂರು ಫ್ಯಾನಿನ, ದಪ್ಪ ಮೈಯ, ಮೊದಲ ಕಂತಿನ ಮಾದರಿಯನ್ನು ಆರಿಸಿದ. ಕೆಲಸ ಕಮ್ಮಿಯಿದ್ದಾಗ ಅದರ ಫ್ಯಾನುಗಳು ನಿಂತೇ ಇರುತ್ತವೆ, ಭಾರ ಬಿದ್ದರೂ ನಿಧಾನಕ್ಕೆ ತಿರುಗುತ್ತವೆ ಎಂದು ವಿವರಿಸಿದ. ಅಲ್ಲಿಯವರೆಗೆ ಹೇಳಿದ್ದೆಲ್ಲ ಸತ್ಯ. ಆಮೇಲೆ ಕೈ ಎತ್ತಿದ, ಸೀಲಿಂಗ್ ಫ್ಯಾನು ಆರಿತು, ಶಟರು ಇಳಿಯಿತು. ಅವನಿಗೆ ಏನೂ ಕೇಳಲಿಲ್ಲ. ಪ್ರಿಂಟರಿನ ಶಾಯಿ ಕೊಳ್ಳಲು ಬಂದಿದ್ದವನೊಬ್ಬ, ಏನೋ ಸಿಳ್ಳೆ ಬಂದ ಹಾಗಿದೆಯಲ್ಲ ಎಂದು ಮೆಲ್ಲಗೆ ಅಂದ. ಕಿವಿಯಣ್ಣ ಕಣ್ಣು ತೆರೆಯದೆ, ಅದು ಬೀದಿಯದ್ದು ಎಂದುಬಿಟ್ಟ. ಶಾಯಿಯವನು ಇರಬಹುದೆಂದು ತಲೆಯಾಡಿಸಿದ. ಪೆಟ್ಟಿಗೆಯ ಮೇಲೆ ಗೀಟು ಬಿತ್ತು.

ಹತ್ತು ದಿನಕ್ಕೆ ನಕ್ಷೆಯಮ್ಮ ಮತ್ತೆ ಬಂದಳು. ಫ್ಯಾನಿನ ಸದ್ದಿಲ್ಲ, ಕೈಯಿಟ್ಟರೆ ಬಿಸಿಯೂ ಅಷ್ಟಿಲ್ಲ, ಆದರೆ ಚಿತ್ರ ತಯಾರಾಗುವಷ್ಟು ಹೊತ್ತೂ ತೆಳ್ಳಗೆ ಏನೋ ಕೊರೆಯುತ್ತದೆ ಎಂದಳು. ಹೊಸದರಲ್ಲಿ ಹಾಗೇ, ರೂಢಿಯಾಗುತ್ತದೆ ಎಂದು ಸಾಗಹಾಕಿದ. ಇನ್ನೆರಡು ವಾರಕ್ಕೆ ಇಡೀ ಕಂಪ್ಯೂಟರನ್ನೇ ಗಾಡಿಗೆ ಹಾಕಿಸಿಕೊಂಡು ಬಂದಳು. ಮತ್ತೆ ಕೈ ಎತ್ತುವುದು, ಮತ್ತೆ ಕಣ್ಣು ಮುಚ್ಚುವುದು. ಈ ಸಲ ಆಕೆ ಎದುರಿಗೇ ನಿಂತು, ಇದೇ ನೋಡಿ, ಈಗ ಬರುತ್ತಿದೆ ನೋಡಿ ಎನ್ನುತ್ತಿದ್ದಳು. ಆ ಗಳಿಗೆಯಲ್ಲಿ ಒಂದು ಮಾತು ಒಪ್ಪಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಸುತ್ತ ಐದಾರು ಜನ ಇದ್ದರು, ಯಜಮಾನ ಇದ್ದ. ಕಿವಿಯಣ್ಣನ ನಾಲಿಗೆ ಹೊರಳಿದ್ದೇ ಬೇರೆ ಕಡೆಗೆ.

"ಇದ್ರಲ್ಲಿ ಏನೂ ಇಲ್ಲಮ್ಮ. ಮನಸ್ಸು ದಣಿದಾಗ ಕಿವಿಯೊಳಗೇ ಹಂಗೆ ಸದ್ದು ಬರುತ್ತೆ. ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸಿ," ಎಂದ.

ಆಕೆ ಜಗಳವಾಡಲಿಲ್ಲ. ಇರಬಹುದೇನೋ ಎಂದು, ಕಂಪ್ಯೂಟರನ್ನು ಮತ್ತೆ ಗಾಡಿಗೆ ಹಾಕಿಸಿಕೊಂಡು ಹೋದಳು. ಬೈದು ಹೋಗಿದ್ದರೆ ಕಿವಿಯಣ್ಣ ಅಂದು ನೆಮ್ಮದಿಯಾಗಿ ಊಟ ಮಾಡುತ್ತಿದ್ದ. ಹಾಗೆ ನಂಬಿ ಹೋದಳಲ್ಲ, ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದ. ಆದರೂ ಆಮೇಲಿನ ತಿಂಗಳೆಲ್ಲ ಪೆಟ್ಟಿಗೆಗಳಿಗೆ ಗೀಟು ಎಳೆಯುತ್ತಲೇ ಹೋದ.

ಮೂರನೇ ಸಲ ಬಂದಾಗ ಆಕೆ ಕೌಂಟರಿನ ಮೇಲೆ ಇಟ್ಟದ್ದು ಆಸ್ಪತ್ರೆಯ ಕಾಗದ. ಹೇಳಿದ ಹಾಗೆಯೇ ಕಿವಿ ಡಾಕ್ಟರಿಗೆ ತೋರಿಸಿ ಬಂದಿದ್ದಳು. ಪಕ್ಕದ ಮನೆಯವರನ್ನು ಗಂಡನ ಹತ್ತಿರ ಕೂರಿಸಿ, ಅರ್ಧ ದಿನ ಸಾಲಿನಲ್ಲಿ ಕಾದು, ಗಾಜಿನ ಕೋಣೆಯಲ್ಲಿ ಕೂತು ಪರೀಕ್ಷೆ ಮಾಡಿಸಿಕೊಂಡಿದ್ದಳು. ಕಾಗದದಲ್ಲಿ ಕಿವಿಗೊಂದರಂತೆ ಎರಡು ಗೆರೆ, ಎರಡೂ ಈ ಕೊನೆಯಿಂದ ಆ ಕೊನೆಯವರೆಗೆ ಮೇಲೇ ನೇರವಾಗಿ ಸಾಗಿದ್ದವು. ತನ್ನದಾದರೆ ಆ ಗೆರೆ ಎಲ್ಲಿ ಕೆಳಗೆ ಬೀಳುತ್ತಿತ್ತು ಎಂಬುದನ್ನು ಕಿವಿಯಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನನ್ನ ಕಿವಿಲಿ ಏನೂ ತೊಂದ್ರೆ ಇಲ್ವಂತೆ ಅಣ್ಣ. ಹಂಗಾದ್ರೆ ಇನ್ನೇನಿರ್ಬಹುದು?" ಎಂದು ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿಯೂ ಅವನಿಗೆ ಗೊತ್ತಿರುತ್ತದೆ ಎಂದುಕೊಂಡೇ ಕೇಳಿದ್ದಳು.

ಆಮೇಲೆ ಸ್ವಲ್ಪ ದನಿ ತಗ್ಗಿಸಿ ಹೇಳಿದ್ದು ಇಷ್ಟು. ಡ್ರೈವರನ ಮಾತು ಬರೀ ಉಸಿರಲ್ಲವೇ, ಆ ಸಿಳ್ಳೆ ಅದನ್ನೇ ನುಂಗುತ್ತಿತ್ತು. ಮೊದಮೊದಲು ಆತ ಕರೆದಾಗ ಆಕೆ ಏನು, ಏನು ಎಂದು ನಾಲ್ಕು ಸಲ ಕೇಳಬೇಕಾಗುತ್ತಿತ್ತು. ಬರುಬರುತ್ತ ಆತ ಕರೆಯುವುದನ್ನೇ ಬಿಟ್ಟ. ಚಿತ್ರ ಮುಗಿಯಲಿ ಎಂದು ಸುಮ್ಮನೆ ಮಲಗಿರುತ್ತಾನೆ. ಹಿಂದಿನ ವಾರ ಆಕೆ ಕೆಲಸ ಮುಗಿಸಿ ತಿರುಗಿ ನೋಡಿದರೆ ಹಾಸಿಗೆ ಒದ್ದೆಯಾಗಿತ್ತು, ಗಂಡ ಗೋಡೆಯ ಕಡೆ ಮುಖ ಮಾಡಿದ್ದ. ಮೂವತ್ತು ವರ್ಷ ಬಸ್ಸಿನಷ್ಟೂ ಜನರನ್ನು ಗದರಿಸಿ ಕೂರಿಸಿದ ಮನುಷ್ಯ.

ಕಿವಿಯಣ್ಣ ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ನಾಳೆ ನಾನೇ ಮನೆಗೆ ಬಂದು ನೋಡುತ್ತೇನೆ ಎಂದಷ್ಟೇ ಅಂದ. ಹೇಡಿ ಎನ್ನಿ, ಏನಾದರೂ ಎನ್ನಿ, ಅವನೂ ತನ್ನ ಬಗ್ಗೆ ಅದನ್ನೇ ಅಂದುಕೊಂಡ.

ಸಂಜೆ ಮನೆಗೆ ಹೋದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ಎಲ್ಲವನ್ನೂ ಒದರಿದ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದ. ಅವಳು ಒಣಗಿದ ಬಟ್ಟೆ ಮಡಿಸುವುದನ್ನು ನಿಲ್ಲಿಸಲೂ ಇಲ್ಲ. ಬೆನ್ನ ಹಿಂದಿನಿಂದ ಕರೆದರೆ ಓಗೊಡುವುದಿಲ್ಲ, ಬಾಗಿಲ ಬೆಲ್ಲಿಗೆ ಏಳುವುದಿಲ್ಲ, ಇಷ್ಟು ದಿನ ಇವೆಲ್ಲ ತನಗೆ ಗೊತ್ತಾಗಿಲ್ಲ ಎಂದುಕೊಂಡಿರಾ ಎಂದು ಕೇಳಿದಳು. ನೀವಾಗಿ ಹೇಳಲಿ ಅಂತ ಸುಮ್ಮನಿದ್ದೆ ಎಂದಳು.

"ನಂಗೆ ಹೇಳಿ ಏನು ಬಂತು ರೀ? ಆಯಮ್ಮಂಗೆ ಹೇಳಿ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಯಜಮಾನನಿಗೆ ಹೇಳಿದ. ತನಗೆ ಸಿಳ್ಳೆ ಕೇಳುವುದಿಲ್ಲ, ಅದೇ ಮಾದರಿಯ ಉಳಿದ ಮೂರು ಕಾರ್ಡುಗಳೂ ಬೇಕು ಎಂದ. ಯಜಮಾನ ಬಹಳ ಹೊತ್ತು ಕೌಂಟರಿನ ಗಾಜು ಒರೆಸಿದ. ಆ ಸಿಳ್ಳೆ ಅವನಿಗೆ ಎರಡು ಸಲವೂ ಕೇಳಿತ್ತಂತೆ. ಕಿವಿಯಣ್ಣನೇ ಇಲ್ಲ ಅಂದ ಮೇಲೆ ತನ್ನ ಕಿವಿಯೇ ಕೆಟ್ಟಿರಬೇಕು ಎಂದುಕೊಂಡು ಸುಮ್ಮನಾದನಂತೆ. ಕಿವಿಯಣ್ಣ ಮೂರು ಪೆಟ್ಟಿಗೆಗಳನ್ನು ಎತ್ತಿಕೊಂಡು ನಕ್ಷೆಯಮ್ಮನ ಮನೆಗೆ ಹೊರಟ. ನೆಟ್ಟಗೆ ಕೇಳುವ ಎಷ್ಟು ಜನರ ಕಿವಿಯನ್ನು ತಾನು ಸುಳ್ಳು ಮಾಡಿದೆ ಎಂದು ದಾರಿಯುದ್ದಕ್ಕೂ ಎಣಿಸುತ್ತ ಹೋದ. ಶಾಯಿಯವನು, ಯಜಮಾನ, ನಕ್ಷೆಯಮ್ಮ. ಇನ್ನು ಗೀಟು ನೋಡಿ ಕೊಂಡುಹೋಗಿ, ವಾಪಸ್ಸು ಬಾರದೆ ಮನೆಯಲ್ಲೇ ಸಹಿಸಿಕೊಂಡವರು ಎಷ್ಟೋ.

ಆಕೆಯ ಮನೆ ಮೂರನೇ ಮಹಡಿಯಲ್ಲಿತ್ತು. ಹೇಳಿದಂತೆಯೇ ಒಂದು ಕೋಣೆ, ಅದಕ್ಕಂಟಿಕೊಂಡು ಬಾಗಿಲಿಲ್ಲದ ಅಡುಗೆಮನೆ. ಮಂಚದ ಮೇಲೆ ದಿಂಬಿಗೆ ಒರಗಿ ಡ್ರೈವರ್ ಕೂತಿದ್ದ, ಕೊರಳಿಗೆ ತೆಳುವಾದ ಬಟ್ಟೆ ಸುತ್ತಿತ್ತು, ತೋಳುಗಳು ಇನ್ನೂ ಗಟ್ಟಿಮುಟ್ಟಾಗಿದ್ದವು. ಕಿವಿಯಣ್ಣ ಮೂರು ಪೆಟ್ಟಿಗೆಗಳನ್ನು ನೆಲದ ಮೇಲಿಟ್ಟ. ಕೂರಿ ಎಂದರೂ ಕೂರಲಿಲ್ಲ.

"ಅಮ್ಮ, ನಿಮ್ಮ ಕಿವಿ ಸರಿಯಾಗೇ ಇದೆ. ನನ್ನದೇ ಹೋಗಿದೆ. ಆ ಸಿಳ್ಳೆ ನಂಗೆ ಕೇಳ್ಸೋದೇ ಇಲ್ಲ."

"ಯಾವಾಗಿಂದ?"

"ಎರಡು ವರ್ಷ ಆಯ್ತು."

"ಅಂದ್ರೆ ನಂಗೆ ಡಾಕ್ಟರ್ ಹತ್ರ ಹೋಗು ಅಂದ್ರಲ್ಲ, ಆಗ ನಿಮ್ಗೆ ಗೊತ್ತಿತ್ತು?"

"ಗೊತ್ತಿತ್ತು."

ಆಕೆ ಕೆಲಸದ ಕುರ್ಚಿಯನ್ನು ಮೇಜಿನಿಂದ ದೂರ ಎಳೆದು ಅವನಿಗೆ ಜಾಗ ಬಿಟ್ಟಳು, ಅಷ್ಟೇ. ಕಿವಿಯಣ್ಣ ಮಂಚದ ಕಡೆ ತಿರುಗಿ, ಸದ್ದಿಲ್ಲದ ಕಾರ್ಡು ಆರಿಸುವುದು ನನ್ನಿಂದಾಗದು, ನಿಮಗೆ ಸಿಳ್ಳೆ ಕೇಳಿದ ಕೂಡಲೇ ಬೆರಳೆತ್ತಿ ಎಂದು ಡ್ರೈವರನ್ನು ಬೇಡಿಕೊಂಡ. ಮೂವತ್ತು ವರ್ಷ ಇಂಜಿನ್ನಿನ ಸದ್ದು ಕೇಳಿಯೇ ಗಾಡಿಯ ಆರೋಗ್ಯ ಹೇಳಿದ ಕಿವಿ ಆತನದು. ಆತ ತಲೆಯಾಡಿಸಿ ಕಣ್ಣು ಮುಚ್ಚಿದ.

ಮೊದಲು ತಾನೇ ಗೀಟು ಎಳೆದು ಕೊಟ್ಟಿದ್ದ ಕಾರ್ಡಿಗೆ ಭಾರ ಹಚ್ಚಿದ. ಚಿತ್ರ ಶುರುವಾದ ಮರುಗಳಿಗೆಯೇ ಬೆರಳು ಮೇಲೆದ್ದಿತು. ಕಿವಿಯಣ್ಣನ ಪಾಲಿಗೆ ಕೋಣೆ ನಿಶ್ಶಬ್ದವಾಗಿತ್ತು, ಆ ಬೆರಳು ಮಾತ್ರ ಅವನ ಎದುರಿಗೆ ನೆಟ್ಟಗೆ ನಿಂತಿತ್ತು. ಅದನ್ನು ಬಿಚ್ಚಿ ಹೊಸದರಲ್ಲಿ ಒಂದನ್ನು ಕೂರಿಸಿದ. ಅದಕ್ಕೂ ಬೆರಳೆದ್ದಿತು. ಎರಡನೆಯದಕ್ಕೆ ಸ್ವಲ್ಪ ತಡವಾಗಿ ಎದ್ದಿತು. ಉಳಿದದ್ದು ಮೂರನೆಯದೊಂದೇ, ಅದನ್ನು ಕೂರಿಸಿದ. ಇದೂ ಸಿಳ್ಳೆ ಹಾಕಿದರೆ ಏನು ಮಾಡುವುದೆಂದು ಅವನಿಗೆ ತೋಚಿರಲಿಲ್ಲ. ಭಾರ ಹಚ್ಚಿ, ಯಾವತ್ತಿನಂತೆ ಕಣ್ಣು ಮುಚ್ಚದೆ, ಮಂಚದ ಮೇಲಿನ ಕೈಯನ್ನೇ ನೋಡುತ್ತ ನಿಂತ. ಐದು ನಿಮಿಷವಾಯಿತು, ಹತ್ತಾಯಿತು. ಕೈ ಹೊದಿಕೆಯ ಮೇಲೆ ಹಾಗೇ ಮಲಗಿತ್ತು.

ಆಮೇಲೆ ಕಾರ್ಡು ಎಳೆಯುವ ಕರೆಂಟಿಗೆ ಒಂದು ಮಿತಿ ಹಾಕಿದ. ಚಿತ್ರ ಮುಗಿಯಲು ನಾಲ್ಕಾರು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಕಾರ್ಡು ಇನ್ನೂ ತಣ್ಣಗಿರುತ್ತದೆ, ಫ್ಯಾನುಗಳೂ ಹೆಚ್ಚು ತಿರುಗಬೇಕಾಗಿಲ್ಲ. ಅದನ್ನೆಲ್ಲ ಆಕೆಗೆ ಹೇಳಿದ. ಆಕೆ ಹೂಂ ಎಂದು ಕೇಳಿಸಿಕೊಂಡು, ಕಂಪ್ಯೂಟರನ್ನು ದುಡಿಯಲು ಬಿಟ್ಟು, ಗಂಡನಿಗೆ ನೀರು ತರಲು ಅಡುಗೆಮನೆಗೆ ಹೋದಳು. ಕಿವಿಯಣ್ಣ ನೆಲದ ಮೇಲೆ ಕೂತು ಉಳಿದ ಕಾರ್ಡುಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಹಳೆಯ ಪೆಟ್ಟಿಗೆಯ ಮೂಲೆಯಲ್ಲಿದ್ದ ಗೀಟನ್ನು ಹೆಬ್ಬೆರಳಿಂದ ಉಜ್ಜಿ ಅಳಿಸಿದ.

ತಲೆಯೆತ್ತಿದಾಗ ಡ್ರೈವರನ ತುಟಿಗಳು ಅಲುಗುತ್ತಿದ್ದವು. ಆತ ಏನೋ ಹೇಳುತ್ತಿದ್ದ, ಇವನಿಗೆ ಒಂದಕ್ಷರವೂ ಕೇಳಲಿಲ್ಲ.

"ಯಾಕೆ? ಬೈತೀನಿ ನಾನು," ಎಂದು ಅಡುಗೆಮನೆಯಿಂದ ಉತ್ತರ ಬಂತು.

ಡ್ರೈವರ್ ತಟ್ಟನೆ ಆ ಕಡೆ ತಿರುಗಿದ. ಮಂಚದಿಂದ ಅಷ್ಟು ದೂರ, ಓಡುತ್ತಿದ್ದ ಕಂಪ್ಯೂಟರನ್ನು ದಾಟಿ, ತನ್ನ ಮಾತು ಹೋಗಿ ತಲುಪಿದ್ದನ್ನು ಆತನಿಗೆ ನಂಬಲಾಗಲಿಲ್ಲ. ಕಣ್ಣು ತುಂಬಿಕೊಂಡವು. ಮತ್ತೆ ತುಟಿ ಅಲುಗಿಸಿದ, ಈ ಸಲ ಎರಡೇ ಮಾತು. ಆಕೆ ನೀರಿನ ಲೋಟ ಹಿಡಿದು ಬಂದವಳು, ಕುಡಿಸಿ, ಆತನ ಬಾಯಿ ಒರೆಸಿದಳು.

"ಏನಂದ್ರು?" ಎಂದು ಕಿವಿಯಣ್ಣ ಕೇಳಿದ.

ಆಕೆ ಕುರ್ಚಿ ಎಳೆದು ಅವನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತಳು. ದನಿ ಏರಿಸಿ, ಕಿವಿ ಕೇಳದವರ ಹತ್ತಿರ ಮಾತಾಡುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವನ ಜೊತೆ ಹಾಗೆ ಮಾತಾಡಿದವರಲ್ಲಿ ಆಕೆಯೇ ಮೊದಲು.

"ಪಾಪ, ಬೈಬೇಡ ಅಂತಿದಾರೆ. ಒಂದು ತಿಂಗಳು ಈ ಮನುಷ್ಯ ನನ್ನ ಕರೀಲೇ ಇಲ್ಲ. ನಾನು ಬೈತೀನಿ. ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಅಮ್ಮ. ಬೈಯಿರಿ."

ಆಕೆ ಬೈಯತೊಡಗಿದಳು. ಕಿವಿಯಣ್ಣ ಪೆಟ್ಟಿಗೆ ಪಕ್ಕಕ್ಕಿಟ್ಟು, ಒಂದು ಮಾತೂ ತಪ್ಪಿಹೋಗಬಾರದೆಂದು ಆಕೆಯ ತುಟಿಗಳನ್ನೇ ನೋಡುತ್ತ ಕೂತ.